ಲಾವಣಿಯೂ ಚಲಚ್ಚಿತ್ರವೂ

ಬೆಂಗಳೂರಿನ ಹಳೆಯ ಪೇಟೆಯ ಪಶ್ಚಿಮದ ಅಂಚಿನಲ್ಲಿರುವ ಕಾಟನ್‌ಪೇಟೆಯನ್ನು ವಾಚಕರಲ್ಲಿ ಅನೇಕರು ಬಲ್ಲರು. ಹತ್ತಿಯ ವ್ಯಾಪಾರದಿಂದ ಹೆಸರು ಪಡೆದ ಈ ಭಾಗಕ್ಕೆ ಅರಳೆಪೇಟೆಯೆಂಬುದು ಕನ್ನಡದ ಹೆಸರು. ಇಲ್ಲಿ ತವಕ್ಕಲ್ ಮಸ್ತಾನರ ದರ್ಗಾ ಇದೆ. ಚೈತ್ರಮಾಸದ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿಯ ಗುಡಿಯಿಂದ ಹೊರಡುವ ಕರಗವು ಪೇಟೆಗಳನ್ನು ಸುತ್ತುತ್ತ ಈ ದರ್ಗಾಕ್ಕೂ ಬಂದು, ಗೌರವವನ್ನು ಪಡೆದು, ಮುಂದೆ ಸಾಗುವುದು ಊರಿನ ವಾಡಿಕೆ. ಕರಗದ ಮೆರವಣಿಗೆಯಲ್ಲಿ ಸಿಲುಕಿ ಗಾಯಗೊಂಡ ಮಸ್ತಾನರಿಗೆ ಗುಡಿಯ ಅರ್ಚಕರು ಉಪಚಾರಮಾಡಿ ಗುಣಪಡಿಸಿದರೆಂದೂ, ಅದರಿಂದ ಸಂತುಷ್ಟರಾದ ಆ ಫಕೀರರು ಕರಗವು ತಮ್ಮ ಸಮಾಧಿಯ ಬಳಿ ಬಂದುಹೋಗಬೇಕೆಂದು ಬೇಡಿಕೊಂಡರೆಂದೂ ಜನರು ಹೇಳುವರು. ಇದು ಚರಿತ್ರೆಯೋ ಐತಿಹ್ಯವೋ ಎಂಬ ವಿಚಾರ ಇಲ್ಲಿ ಬೇಡ. ಹಾಡುಗಾರನ ಕೈಗೆ ಸಿಕ್ಕಿದರೆ ಲಾವಣಿಯಾಗತಕ್ಕ ಕಥೆ ಇದು ಎಂಬುದಷ್ಟೇ ನಮ್ಮ ಪ್ರಕೃತಕ್ಕೆ ಬೇಕಾದುದು.

ಇದೇ ಬೀದಿಯಿಂದ ಉತ್ತರಕ್ಕೆ ಸ್ವಲ್ಪ ದೂರ ನಡೆದರೆ ಗಾಂಧಿನಗರ. ಕನ್ನಡ ಚಿತ್ರಗಳ ನಿರ್ಮಾಪಕರಿಗೂ ಹಂಚಿಕೆದಾರರಿಗೂ ಅದು ಬಹುಕಾಲ ನೆಲೆಯಾಗಿದ್ದುದರಿಂದ ಆ ಉದ್ಯಮಕ್ಕೇ 'ಗಾಂಧಿನಗರ'ವೆಂಬ ಹೆಸರು ನಿಂತುಹೋಗಿದೆ. ಪೂರ್ವಕ್ಕೆ ವಾದ್ಯಗಳ ಅಂಗಡಿಗಳಿಗೆ ಹೆಸರಾದ ಬಳೇಪೇಟೆ. ಆಗ್ನೇಯಕ್ಕೆ ಸಿಟಿ ಮಾರ್ಕೆಟ್ಟು. ಅದರ ಸಮೀಪದಲ್ಲಿದ್ದ ಪ್ಯಾರಮೌಂಟ್ ಚಿತ್ರಮಂದಿರದಲ್ಲಿ 1934ನೆಯ ಇಸವಿ ಮಾರ್ಚಿ 3ರಂದು ಕನ್ನಡದ ಮೊದಲನೆಯ ವಾಕ್ಚಿತ್ರವಾದ 'ಸತಿ ಸುಲೋಚನ' ತೆರೆಕಂಡಿತು. ಹೀಗೆ ಊರಿನ ಕಥೆ, ವಾದ್ಯ, ಚಿತ್ರ, ಮೂರೂ ಒಬ್ಬರಿಗೊಬ್ಬರು ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿದ್ದುವು. ಹಾಗಿದ್ದೂ, ಕನ್ನಡ ಜನರು ಡಪ್ಪಿನ ಮೇಲೂ ತುಂತುಣಿಯ ಮೇಲೂ ತಲೆಮಾರುಗಳಿಂದ ಕೇಳುತ್ತ ಬಂದಿರುವ ಕಥನಗೀತಗಳು, ಮುಖ್ಯವಾಗಿ ಲಾವಣಿಗಳು, ನಮ್ಮ ಚಲಚ್ಚಿತ್ರಗಳ ಹಾಡುಗಳಲ್ಲಿ ಕಾಣದಿರುವುದು ಆಶ್ಚರ್ಯವಾಗಿದೆ. ಅಲ್ಲೊಂದು ಇಲ್ಲೊಂದು ಇದ್ದರೂ ಅವು ಇರಬೇಕಾದ ಸ್ಥಾನದಲ್ಲಿಲ್ಲ. ಇದಕ್ಕೆ ಕಾರಣವೇನು, ಇದರಿಂದ ಆದ ನಷ್ಟವೇನು ಎಂಬುದೇ ಈ ಲೇಖನದ ವಿಷಯ.

ಮೊದಲು ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಚಲಚ್ಚಿತ್ರದವರಿಗೆ ಸಾಹಿತ್ಯದ ಅಭಿರುಚಿಯಿಲ್ಲ, ಹಳೆಯ ಹಾಡುಗಳನ್ನು ಅವರಿಂದ ನಿರೀಕ್ಷಿಸುವುದೇ ತಪ್ಪು ಎಂದು ವಿದ್ವಾಂಸರಲ್ಲಿ ಕೆಲವರು ಭಾವಿಸಿರುವುದುಂಟು. ಸಂಗತಿಗಳು ಈ ಅಭಿಪ್ರಾಯಕ್ಕೆ ವಿರೋಧವಾಗಿವೆ. ಕುವೆಂಪು ಅವರ ದೋಣಿಯ ಹಾಡು 1965ರ 'ಮಿಸ್ ಲೀಲಾವತಿ'ಯಲ್ಲಿ ಬಂದಿತು. ಬೇಂದ್ರೆಯವರ 'ಬೆಳಗು' ಎಂಬ ಕವನವನ್ನು 1967ರಲ್ಲಿ ಪುಟ್ಟಣ್ಣ ಕಣಗಾಲರು 'ಬೆಳ್ಳಿಮೋಡ'ದಲ್ಲಿ ಬಳಸಿಕೊಂಡರು. ವಿಜಯಭಾಸ್ಕರರ ಸಂಗೀತದಿಂದ ಆ ಕವನವು ಓದುಬಾರದವರ ಬಾಯಿಗೂ ಬಂದಿತು. 1992ರಲ್ಲಿ ಕೆ. ಎಸ್. ನರಸಿಂಹಸ್ವಾಮಿಗಳ ಕವನಸಂಗ್ರಹದ ಹೆಸರಿನಿಂದಲೇ 'ಮೈಸೂರ ಮಲ್ಲಿಗೆ' ಎಂಬ ಚಿತ್ರವಾಯಿತು. ನವ್ಯರಿಗೆ ಮುಂದಾಳಾದ ಗೋಪಾಲಕೃಷ್ಣ ಅಡಿಗರ 'ಮೋಹನ ಮುರಲಿ' ಕೂಡ 1997ರ 'ಅಮೆರಿಕಾ ಅಮೆರಿಕಾ' ಚಿತ್ರದಲ್ಲಿ ಸ್ಥಾನ ಪಡೆಯಿತು. ಅದಕ್ಕೂ ಹಿಂದೆ, 1990ರಲ್ಲಿ, ಶಿಶುನಾಳ ಶರೀಫರ ತತ್ತ್ವಪದಗಳು ಒಂದು ಚಿತ್ರವನ್ನು ಆದ್ಯಂತವಾಗಿ ಆವರಿಸಿದುವು. ದಾಸರ ಪದಗಳ ಮಾತನ್ನು ಎತ್ತಲೇಬೇಕಾಗಿಲ್ಲ. ಗರತಿಯ ಹಾಡಿನ ತ್ರಿಪದಿಯ ಧಾಟಿಯು ಗೀತರಚಕರಿಗೆಲ್ಲ ಪರಿಚಿತವಾದುದು.

ಈ ಸ್ವೀಕೃತಿಯನ್ನು ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಒಳಗೆ ಬಂದುವೆಲ್ಲ ಭಾವವನ್ನು ಹೇಳುವ ಹಾಡುಗಳು. ಅವು ಯಾರಾದರೊಂದು ಪಾತ್ರದ ಬಾಯಲ್ಲಿ ನಿಲ್ಲಬಲ್ಲವು, ಪ್ರೀತಿ, ವಿರಹ, ಭಕ್ತಿ, ವೈರಾಗ್ಯ, ಬೆಳಗಿನ ಚೆಲುವು, ಇವುಗಳಲ್ಲಿ ಒಂದನ್ನು ಹಿಡಿದು ಅಲ್ಲಿಯೇ ಸುಳಿಯುತ್ತವೆ, ಪಲ್ಲವಿಗೆ ಮರಳುತ್ತವೆ. ಹೊರಗೆ ಉಳಿದುವೆಲ್ಲ 'ಒಂದೂರಿನಲ್ಲಿ ಹೀಗಾಯಿತು, ಆಮೇಲೆ ಹೀಗಾಯಿತು' ಎಂದು ಹೇಳುವ ಹಾಡುಗಳು. ಆದುದರಿಂದ ಗ್ರಾಮ್ಯ–ನಾಗರಿಕ ಎಂಬ ಭೇದವಾಗಲಿ, ಹಳತು–ಹೊಸತು ಎಂಬ ಭೇದವಾಗಲಿ ಇದಕ್ಕೆ ಕಾರಣವಲ್ಲ. ಭೇದವಿರುವುದು ಕಾವ್ಯಪ್ರಕಾರದಲ್ಲಿ. ಇದಕ್ಕೆ ಒಳ್ಳೆಯ ನಿದರ್ಶನ ಹಲಸಂಗಿಯ ಗೆಳೆಯರ ಸಂಗ್ರಹಗಳಲ್ಲಿಯೇ ದೊರೆಯುವುದು. ಅದೇ ಗುಂಪಿನವರು 1931ರಲ್ಲಿ 'ಗರತಿಯ ಹಾಡು', 1933ರಲ್ಲಿ ಲಾವಣಿಗಳ 'ಜೀವನ ಸಂಗೀತ' ಎಂಬ ಸಂಕಲನಗಳನ್ನು ಹೊರತಂದರು. ಒಂದೇ ಸೀಮೆ, ಒಂದೇ ಭಾಷೆ, ಒಂದೇ ಕಾಲ. ಮೊದಲನೆಯದರ ಧಾಟಿ ಚಿತ್ರಲೋಕವನ್ನು ಹೊಕ್ಕಿತು. ಎರಡನೆಯದು ಗ್ರಂಥಭಂಡಾರದಲ್ಲಿಯೇ ಉಳಿಯಿತು.

ಲಾವಣಿಯೆಂದೊಡನೆ ಮರಾಠೀ ತಮಾಷೆಯ ನೃತ್ಯಗೀತವು ನೆನಪಿಗೆ ಬರಬಹುದು. ಆ ಲಾವಣಿಗೆ ಚಲಚ್ಚಿತ್ರದ ಬಾಗಿಲು ಎಂದೂ ಮುಚ್ಚಿರಲಿಲ್ಲ, 1972ರಲ್ಲಿ ವಿ. ಶಾಂತಾರಾಮರು ತೆಗೆದ 'ಪಿಂಜರಾ' ಚಿತ್ರವೇ ಸಾಕ್ಷಿ. ಕಣ್ಣಿಗೆ ನೋಟವಾಗುವ ಹಾಡನ್ನು ಕ್ಯಾಮರಾ ಏಕೆ ಬಿಟ್ಟೀತು? ಕನ್ನಡದಲ್ಲಿ ಲಾವಣಿಯೆಂಬ ಮಾತಿಗೆ ಅರ್ಥವ್ಯಾಪ್ತಿ ಹೆಚ್ಚು. ಶೃಂಗಾರವೂ ಉಂಟು, ಕಲ್ಗಿ–ತುರಾ ಪಂಗಡಗಳ ತತ್ತ್ವವಾದವೂ ಉಂಟು. ಆದರೆ ಮರಾಠಿಯಲ್ಲಿ ಪೋವಾಡವು ಮಾಡುವ ಕೆಲಸವನ್ನೂ, ಎಂದರೆ ವೀರರ ಮತ್ತು ದುರ್ಘಟನೆಗಳ ಕಥೆಯನ್ನು ಹೇಳುವ ಕೆಲಸವನ್ನೂ, ನಮ್ಮಲ್ಲಿ ಲಾವಣಿಯೇ ಹೊತ್ತಿದೆ. ನುಡಿ, ಚಾಲು, ಏರು, ಇಳುವು ಎಂದು ಅದರ ನಡೆ ಬದಲಾಗುತ್ತ ಹೋಗುವುದು. ಕೊನೆಯಲ್ಲಿ ಹಾಡುಗಾರನು ತನ್ನ ಊರನ್ನೋ ಗುರುವನ್ನೋ ಊರ ದೇವರನ್ನೋ ಹೆಸರಿಸಿ ಅಂಕಿತ ಹಾಕುವನು. ನ್ಯಾಯಸ್ಥಾನದಲ್ಲಿ ಹೇಳಿಕೆ ಕೊಟ್ಟವನು ಕೆಳಗೆ ರುಜು ಹಾಕುವಂತೆ ಈ ಅಂಕಿತ ಎಂದು ನಮಗೆ ಅನೇಕವೇಳೆ ತೋರಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜೆ. ಎಫ್. ಫ್ಲೀಟರು 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನ ಬಂಡಾಯದ ಹಾಡೂ ಹಲಗಲಿಯ ಬೇಡರ ಹಾಡೂ ಇದ್ದುವು. ಶಾಸನಗಳನ್ನು ಓದಿದ ಕಣ್ಣೇ ಈ ಹಾಡುಗಳನ್ನೂ ಗುರುತಿಸಿದುದು ಗಮನಾರ್ಹ. ಆ ವಿದ್ವಾಂಸರಿಗೆ ಇವೆರಡೂ ಒಂದು ಬಗೆಯ ದಾಖಲೆಗಳೇ ಆಗಿದ್ದಿರಬೇಕು.

ಈಗ ಒಂದು ಚಿತ್ರವನ್ನು ಪರೀಕ್ಷಿಸೋಣ. 1961ರಲ್ಲಿ ಬಿ. ಆರ್. ಪಂತುಲು ಅವರು 'ಕಿತ್ತೂರು ಚೆನ್ನಮ್ಮ'ನನ್ನು ನಿರ್ಮಿಸಿ ನಿರ್ದೇಶಿಸಿದರು. ರಾಣಿಯ ಪಾತ್ರ ಬಿ. ಸರೋಜಾದೇವಿಯವರದು, ಸಂಗೀತ ಟಿ. ಜಿ. ಲಿಂಗಪ್ಪನವರದು. 1824ರ ಅಕ್ಟೋಬರಿನಲ್ಲಿ ಥ್ಯಾಕರೆ ಬಿದ್ದ ಯುದ್ಧದಿಂದ ಮೊದಲ್ಗೊಂಡು 1831ರ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದವರೆಗಿನ ವೃತ್ತಾಂತವು ಅಚ್ಚಿನ ಇತಿಹಾಸಕ್ಕಿಂತ ಮೊದಲು ಲಾವಣಿಯಲ್ಲಿಯೂ ಗೀಗೀ ಪದಗಳಲ್ಲಿಯೂ ಬದುಕಿತು. ಎಂದ ಮೇಲೆ ಈ ಕಥೆಯ ಚಿತ್ರದಲ್ಲಿ ಹಾಡಿನ ರೂಪದಲ್ಲಿ ಉಳಿದುದು ಯಾವುದು? ಜನರು ಇಂದಿಗೂ ನೆನೆಯುವುದು ಪಿ. ಸುಶೀಲಾ ಅವರು ಹಾಡಿದ ಅಕ್ಕಮಹಾದೇವಿಯ ವಚನವನ್ನು. ವಚನವು ಉತ್ಕೃಷ್ಟವಾದುದು, ಗಾಯನ ಅದಕ್ಕೆ ತಕ್ಕುದು, ಅದನ್ನು ಆರಿಸಿದವರ ಅಭಿರುಚಿಗೆ ಕುಂದಿಲ್ಲ. ಆದರೆ ಆಯ್ಕೆಯ ತರ್ಕವನ್ನು ನೋಡಿರಿ. ಕಿತ್ತೂರಿನ ಸೀಮೆಯೇ ಕಟ್ಟಿಕೊಂಡ ಹಾಡು ಕೈಗೆಟಕುವಷ್ಟು ಹತ್ತಿರವಿರಲು, ಆರುನೂರು ವರ್ಷಗಳ ಹಿಂದಿನ, ಬೇರೊಂದು ಸಂದರ್ಭದ ಆತ್ಮನಿವೇದನೆಯ ನುಡಿಯು ಚಿತ್ರಕ್ಕೆ ಕಿರೀಟವಾಯಿತು. ರಾಣಿಯ ಅಂತರಂಗಕ್ಕೆ ಹಾಡು ಸಿಕ್ಕಿತು. ರಾಣಿಯನ್ನು ಕಂಡ ಊರಿನ ಬಾಯಿಗೆ ಹಾಡು ಸಿಕ್ಕಲಿಲ್ಲ. 2012ರಲ್ಲಿ ನಾಗಣ್ಣನವರು ನಿರ್ದೇಶಿಸಿದ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಬರುವಹೊತ್ತಿಗೆ ತಂತ್ರವೂ ವೆಚ್ಚವೂ ಎಷ್ಟೋ ಪಾಲು ಬೆಳೆದಿದ್ದುವು. ಆದರೂ ಲಾವಣಿಯ ರಾಯಣ್ಣನನ್ನು ಆ ಚಿತ್ರದಿಂದ ತಿಳಿದೆವೆಂದು ಹೇಳುವ ಪ್ರೇಕ್ಷಕರು ದೊರೆಯುವುದು ಕಷ್ಟ.

ಇದಕ್ಕೆ ಹೇಳಬಹುದಾದ ಸಮಾಧಾನಗಳಲ್ಲಿ ಮುಖ್ಯವಾದುದು ಪುನರುಕ್ತಿಯದು. ಚಲಚ್ಚಿತ್ರವು ದೃಶ್ಯಕಾವ್ಯ, ಯುದ್ಧವನ್ನೂ ಸಾವನ್ನೂ ಅದು ಕಣ್ಣಮುಂದೆ ತರಬಲ್ಲುದು. ಕಂಡುದನ್ನೇ ಮತ್ತೆ ಹಾಡಿನಲ್ಲಿ ಹೇಳಿದರೆ ಕಥೆ ನಿಲ್ಲುವುದು, ಪ್ರೇಕ್ಷಕನಿಗೆ ಬೇಸರವಾಗುವುದು. ಕಥೆ ಹೇಳುವ ಕೆಲಸವನ್ನು ಕ್ಯಾಮರಾ ವಹಿಸಿಕೊಂಡ ಮೇಲೆ ಹಾಡಿಗೆ ಉಳಿಯುವುದು ಭಾವವೊಂದೇ. ಈ ವಾದದಲ್ಲಿ ಬಲವಿದೆ. ನಮ್ಮ ಆಲಂಕಾರಿಕರು ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ವಿಂಗಡಿಸಿದುದನ್ನು ಇದರ ಪರವಾಗಿ ಎತ್ತಿ ತೋರಿಸಬಹುದು.

ಆದರೆ ಅದೇ ಶಾಸ್ತ್ರವನ್ನು ಮುಂದೆ ಓದಿದರೆ ವಾದವು ಸಡಿಲವಾಗುವುದು. ಯುದ್ಧ, ವಧೆ ಮೊದಲಾದುವನ್ನು ರಂಗದ ಮೇಲೆ ತೋರಿಸಬಾರದೆಂದೂ, ವಿಷ್ಕಂಭ ಪ್ರವೇಶಕಗಳ ಮೂಲಕ ಸೂಚಿಸಬೇಕೆಂದೂ ನಾಟ್ಯಕಾರರು ವಿಧಿಸಿದರು. ಇದು ಕೇವಲ ಮಡಿಯ ಮಾತಲ್ಲ. ಭಾಸನ ಹೆಸರಿನಲ್ಲಿರುವ 'ಊರುಭಂಗ'ದಲ್ಲಿ ಭೀಮ ದುರ್ಯೋಧನರ ಗದಾಯುದ್ಧವನ್ನು ಮೂವರು ಭಟರು ನೋಡಿ ವರ್ಣಿಸುವರು. ನಾವು ಅವರ ಕಣ್ಣಿನಿಂದ ನೋಡುವೆವು. ಗದೆಯ ಪೆಟ್ಟಿಗಿಂತ ಪೆಟ್ಟನ್ನು ಕಂಡವನ ಸ್ವರದಲ್ಲಿ ರಸವು ಹುಟ್ಟುವುದುಂಟೆಂಬ ಅನುಭವ ಈ ಏರ್ಪಾಡಿನ ಹಿಂದಿದೆ. ಇನ್ನು ನಮ್ಮ ಬಯಲಾಟ ಯಕ್ಷಗಾನಗಳಲ್ಲಿ ಭಾಗವತನು ಹಾಡುವನು, ವೇಷಧಾರಿಯು ಅದನ್ನೇ ಕುಣಿದು ತೋರಿಸುವನು, ಆಮೇಲೆ ಅರ್ಥವನ್ನೂ ಹೇಳುವನು. ಒಂದು ಸಂಗತಿಯನ್ನು ಮೂರು ಸಲ ಕೇಳಿ ಕಂಡ ಕನ್ನಡ ಪ್ರೇಕ್ಷಕನು ಬೆಳಗಿನವರೆಗೂ ಎದ್ದುಹೋಗಲಿಲ್ಲ. ಕಥನವೂ ಪ್ರದರ್ಶನವೂ ಜೊತೆಗೂಡಿದರೆ ಪುನರುಕ್ತಿಯಾಗುವುದೆಂಬ ಭಯ ನಮ್ಮ ರಂಗಭೂಮಿಗೆ ಎಂದೂ ಇರಲಿಲ್ಲ.

ಪಾಶ್ಚಾತ್ಯ ಚಿತ್ರಗಳಲ್ಲಿಯೂ ಈ ಭಯ ಸಾರ್ವತ್ರಿಕವಲ್ಲ. 1931ರಲ್ಲಿ ಪಾಬ್ಸ್ಟ್ ಎಂಬ ನಿರ್ದೇಶಕರು ಬ್ರೆಕ್ಟರ ಮೂರು ಕಾಸಿನ ಸಂಗೀತನಾಟಕವನ್ನು ಚಿತ್ರವಾಗಿ ತೆಗೆದಾಗ, ಕೊಲೆಗಡುಕನ ಕಥೆಯನ್ನು ಬೀದಿಯಲ್ಲಿ ಹಾಡುವ ಗಾಯಕನನ್ನು ಉಳಿಸಿಕೊಂಡರು. ಅಮೆರಿಕದ 'ಹೈ ನೂನ್' 1952ರದು. ಒಂಟಿಯಾಗಿ ಶತ್ರುಗಳನ್ನು ಎದುರಿಸಬೇಕಾದ ಅಧಿಕಾರಿಯ ಪಾಡನ್ನು ಅದರಲ್ಲಿ ಟೆಕ್ಸ್ ರಿಟ್ಟರರ ಕಂಠವು ಚಿತ್ರದುದ್ದಕ್ಕೂ ಮರಳಿ ಮರಳಿ ಹಾಡುವುದು. ಆ ಹಾಡಿಗೆ ಆ ವರ್ಷದ ಆಸ್ಕರ್ ಬಹುಮಾನವೂ ಬಂದಿತು. ಅದು ನಮ್ಮ ಲಾವಣಿಗೆ ದೂರದ ನಂಟು. ಆ ದೇಶದ ದನಗಾಹಿಗಳ ಕಥನಗೀತದ ಮಾದರಿಯನ್ನು ಅಲ್ಲಿನ ಉದ್ಯಮವು ಬಳಸಿಕೊಂಡಿತು. ನಮ್ಮ ಉದ್ಯಮವು ತನ್ನ ಮಗ್ಗುಲಲ್ಲಿದ್ದ ಹಾಡುಗಾರನನ್ನು ಕರೆಯಲಿಲ್ಲ.

ಎರಡನೆಯ ಸಮಾಧಾನ ಕಾಲದ ಅಳತೆಯದು. ನಿಮಿಷಕ್ಕೆ 78 ಸುತ್ತು ತಿರುಗುವ, 10 ಅಂಗುಲದ ಗ್ರಾಮಫೋನು ತಟ್ಟೆಯ ಒಂದು ಮುಖದಲ್ಲಿ ಸುಮಾರು 3 ನಿಮಿಷದ ಹಾಡು ಮಾತ್ರ ಹಿಡಿಸುತ್ತಿತ್ತು. ಚಿತ್ರದ ಹಾಡು ತಟ್ಟೆಯಾಗಿ ಮಾರಾಟವಾಗಬೇಕಾದುದರಿಂದ ಅದರ ಮೈಕಟ್ಟು ತಟ್ಟೆಗೆ ಹೊಂದಿಕೊಂಡಿತು. ಕಥೆಯನ್ನು ಬೆಳೆಸುತ್ತ ಹೋಗುವ ಲಾವಣಿಗೆ 3 ನಿಮಿಷದಲ್ಲಿ ಪೀಠಿಕೆಯೇ ಮುಗಿಯದು. ಇದು ನಿಜವಾದ ಕಾರಣ, ಮತ್ತು ಬಹುಕಾಲ ಪ್ರಬಲವಾಗಿದ್ದ ಕಾರಣ. ಆದರೆ ತಟ್ಟೆಗಳ ಯುಗ ಕಳೆದು ದಶಕಗಳಾದರೂ ಪದ್ಧತಿ ಬದಲಾಗಲಿಲ್ಲವಾದುದರಿಂದ, ಇದಕ್ಕೂ ಆಳವಾದ ಇನ್ನೊಂದು ಕಾರಣವಿರಬೇಕು.

ನಮಗೆ ತೋರುವಂತೆ ಅದು ವಂಶಾವಳಿಯಲ್ಲಿದೆ. 'ಸತಿ ಸುಲೋಚನ'ವನ್ನು ವೈ. ವಿ. ರಾಯರು ನಿರ್ದೇಶಿಸಿದರು. ಅದಕ್ಕೆ ಸಾಹಿತ್ಯವನ್ನು ಒದಗಿಸಿದವರು ಕಂಪನಿ ನಾಟಕಗಳ ಪ್ರಸಿದ್ಧ ಕರ್ತೃಗಳಾದ ಬೆಳ್ಳಾವೆ ನರಹರಿಶಾಸ್ತ್ರಿಗಳು. ರಾವಣನ ಪಾತ್ರವನ್ನೂ ಸಂಗೀತವನ್ನೂ ವಹಿಸಿದವರು ಆರ್. ನಾಗೇಂದ್ರರಾಯರು, ಇಂದ್ರಜಿತುವಾದವರು ಎಂ. ವಿ. ಸುಬ್ಬಯ್ಯನಾಯುಡು. ಇವರೆಲ್ಲ ವೃತ್ತಿರಂಗಭೂಮಿಯಿಂದ ಬಂದವರು. ಕನ್ನಡ ವಾಕ್ಚಿತ್ರವು ಕಂಪನಿ ನಾಟಕದ ಮಗು. ಆ ಕಂಪನಿ ನಾಟಕವಾದರೋ ಪಾರಸೀ ರಂಗಭೂಮಿಯ ಮಾದರಿಯಲ್ಲಿ ಪರದೆ, ಸೀನುಗಳು, ಹಾರ್ಮೋನಿಯಮ್ಮು ಮುಂತಾದುವನ್ನು ತಂದುಕೊಂಡಾಗ ಬಯಲಾಟದ ಭಾಗವತನನ್ನು ಮನೆಗೆ ಕಳುಹಿಸಿತ್ತು. ಹಾಡೆಲ್ಲವೂ ಪಾತ್ರಗಳ ಪಾಲಾಯಿತು. ರಾಜನು ತನ್ನ ಕೋಪವನ್ನು ತಾನೇ ಹಾಡಿಕೊಂಡನು, ರಾಣಿಯು ತನ್ನ ಶೋಕವನ್ನು ತಾನೇ ಹಾಡಿಕೊಂಡಳು. ಹೀಗೆ ಪಾತ್ರಕ್ಕೆ ಹೊರಗಾಗಿ ನಿಂತು ಹಾಡುವವನ ಸ್ಥಾನವು ಚಲಚ್ಚಿತ್ರ ಬರುವುದಕ್ಕೆ ಮುಂಚೆಯೇ ನಾಟಕಶಾಲೆಯಲ್ಲಿ ತೆರವಾಗಿತ್ತು. ಗಾಂಧಿನಗರವನ್ನು ಮಾತ್ರ ದೂರುವುದು ನ್ಯಾಯವಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳಬೇಕು. ಮೂಕಚಿತ್ರಗಳ ಕಾಲದಲ್ಲಿ ದಕ್ಷಿಣಾಪಥದ ಚಿತ್ರಮಂದಿರಗಳಲ್ಲಿ ತೆರೆಯ ಪಕ್ಕದಲ್ಲಿ ಒಬ್ಬನು ನಿಂತು, ನಡೆಯುತ್ತಿರುವ ಕಥೆಯನ್ನು ಜನರ ಭಾಷೆಯಲ್ಲಿ ಬಿಡಿಸಿ ಹೇಳುವ ರೂಢಿಯಿತ್ತು. ಅವನು ಕೆಲವು ವೇಳೆ ತನ್ನ ಕಡೆಯ ಚಮತ್ಕಾರವನ್ನೂ ಸೇರಿಸುತ್ತಿದ್ದನು. ಅವನು ಯಂತ್ರಯುಗದ ಭಾಗವತನೇ ಸರಿ. ತೆರೆಯು ಮಾತನಾಡತೊಡಗಿದೊಡನೆ ಅವನ ಮಾತು ನಿಂತಿತು. ಬೆಂಗಳೂರಿನ ಮಟ್ಟಿಗೆ ಕನ್ನಡದಲ್ಲಿ ಆ ದಿನವನ್ನು ಗುರುತಿಸಬೇಕಾದರೆ, ಪ್ಯಾರಮೌಂಟಿನಲ್ಲಿ ರಾವಣನು ಕನ್ನಡದಲ್ಲಿ ಗರ್ಜಿಸಿದ ಆ ಮಾರ್ಚಿಯ ದಿನವನ್ನೇ ಗುರುತಿಸಬಹುದು.

ಇಷ್ಟಾದರೂ, ಹೋದುದರಿಂದ ನಷ್ಟವೇನೆಂದು ಕೇಳಬಹುದು. ಉತ್ತರವನ್ನು ಹಲಗಲಿಯ ಲಾವಣಿಯಲ್ಲಿ ಹುಡುಕೋಣ; ಹತ್ತನೆಯ ತರಗತಿಯ ಪಠ್ಯದಲ್ಲಿ ಸೇರಿದುದರಿಂದ ಅದನ್ನು ಪಾಠಹೇಳಿರುವ ಉಪಾಧ್ಯಾಯರು ನಮ್ಮ ವಾಚಕರಲ್ಲಿ ಅನೇಕರಿರುವರು. 1857ರಲ್ಲಿ ಜನರು ತಮ್ಮ ಆಯುಧಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂಬ ಆಜ್ಞೆ ಹೊರಟಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ದಂಡು ಬಂದಿತು, ಊರನ್ನು ಸುಟ್ಟಿತು, ಸೆರೆಸಿಕ್ಕ ಮುಂದಾಳುಗಳು ಗಲ್ಲಿಗೇರಿದರು. ಚಿತ್ರವಾಗಿ ತೆಗೆಯಲು ಇದರಲ್ಲಿ ಬೇಕಾದುದೆಲ್ಲ ಇದೆ: ಕುದುರೆ, ಗುಂಡು, ಬೆಂಕಿ, ಆಕ್ರಂದನ. ಆದರೆ ಲಾವಣಿಕಾರನು ಇವುಗಳ ಜೊತೆಗೆ ಇನ್ನೊಂದು ಕೆಲಸ ಮಾಡುವನು. ದಂಡಿನವರು ಕೊಳ್ಳೆಹೊಡೆದ ವಸ್ತುಗಳನ್ನು ಎಣಿಸತೊಡಗುವನು. ಹಾಲು, ಬೆಣ್ಣೆ, ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ, ಬೆಲ್ಲ; ಗಂಗಾಳ, ಚರಿಗೆ; ಮಂಗಳಸೂತ್ರ; ಬೀಸುವ ಕಲ್ಲು. ವೀರರಸದ ಮಧ್ಯದಲ್ಲಿ ಈ ಅಡಿಗೆಮನೆಯ ಪಟ್ಟಿ ಏಕೆ? ಸಂಸ್ಕೃತ ಕಾವ್ಯಗಳಲ್ಲಿ ಪಳಗಿದ ವಿಮರ್ಶಕನು ಇದನ್ನು ರಸಭಂಗವೆಂದಾನು. ನಮಗಾದರೋ ಇಡೀ ಹಾಡಿನ ಜೀವಾಳ ಇಲ್ಲಿದೆಯೆಂದು ತೋರುವುದು. ಮಂಗಳಸೂತ್ರವೂ ಜೀರಿಗೆಯೂ ಒಂದೇ ಉಸಿರಿನಲ್ಲಿ ಬರುತ್ತವೆ, ಏಕೆಂದರೆ ಕೊಳ್ಳೆಹೊಡೆಯುವವನಿಗೆ ಅವೆರಡರಲ್ಲಿ ಭೇದವಿರಲಿಲ್ಲ. ಹೊತ್ತುಕೊಂಡು ಹೋಗಲು ಯೋಗ್ಯವೇ ಅಲ್ಲದ ಬೀಸುವ ಕಲ್ಲು ಹೋಯಿತೆಂದಾಗ ಇನ್ನು ಆ ಮನೆಯಲ್ಲಿ ನಾಳೆ ಹಿಟ್ಟಿಲ್ಲವೆಂಬುದು ಕೇಳುವವಳಿಗೆ ಹೊಳೆಯುವುದು. ಕಡೆಗೆ, ತಾನು ಕಂಡಷ್ಟನ್ನು ವರ್ಣಿಸಿದೆನೆಂದು ಹೇಳಿ, ಕುರ್ತಕೋಟಿಯ ಕಲ್ಮೇಶನನ್ನು ನೆನೆದು ಹಾಡುಗಾರನು ನಿಲ್ಲಿಸುವನು. 'ಕಂಡಷ್ಟು' ಎಂಬ ಮಿತಿಯನ್ನು ಗಮನಿಸಬೇಕು. ಕಾಣದುದನ್ನು ಹೇಳೆನೆಂಬ ಪ್ರತಿಜ್ಞೆ ಅದರಲ್ಲಿ ಅಡಗಿದೆ.

ಕ್ಯಾಮರಾ ಈ ಪಟ್ಟಿಯನ್ನು ಮಾಡಲಾರದೆ? ಒಡೆದ ಮಡಕೆಯನ್ನೂ ಚೆಲ್ಲಿದ ಹಾಲನ್ನೂ ತೋರಿಸಬಲ್ಲುದು. ಆದರೆ ತೋರಿಸುವುದು ಬೇರೆ, ಎಣಿಸುವುದು ಬೇರೆ. ಎಣಿಸುವುದಕ್ಕೆ ಎಣಿಸುವವನೊಬ್ಬನು ಬೇಕು. ಕಳೆದುಕೊಂಡವರ ಪರವಾಗಿ ಲೆಕ್ಕ ಬರೆಯುವ ಆಸಕ್ತಿ ಅವನಿಗಿರಬೇಕು. ಚಿತ್ರದಲ್ಲಿ ನಾಯಕನಿರುವನು, ಖಳನಿರುವನು, ಗುಂಪೂ ಇರುವುದು. ಕಂಡು ಹೇಳುವ ಸಾಕ್ಷಿಯಿಲ್ಲ. ಲಾವಣಿಯನ್ನು ಬಿಟ್ಟು ಲಾವಣಿಯ ನಾಯಕನನ್ನು ಮಾತ್ರ ತೆಗೆದುಕೊಂಡ ಚಿತ್ರಗಳಲ್ಲಿ ವೀರನು ಎತ್ತರವಾಗುತ್ತ ಹೋಗಿ, ಅವನ ಸುತ್ತಲಿನ ಊರು ಬೆನ್ನ ಹಿಂದಿನ ಪರದೆಯಾಗಿಬಿಡುವುದು ಇದರಿಂದಲೇ ಎಂದು ನಮ್ಮ ಅಭಿಪ್ರಾಯ.

ಅಪವಾದಗಳಿಲ್ಲದಿಲ್ಲ. ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು 1972ರ 'ನಾಗರಹಾವು' ಚಿತ್ರದಲ್ಲಿಯ ಒನಕೆ ಓಬವ್ವನ ಉಪಾಖ್ಯಾನ. ಕೋಟೆಯ ಕಿಂಡಿಯಲ್ಲಿ ನುಸುಳುವ ಹೈದರನ ಸೈನಿಕರನ್ನು ಓಬವ್ವನು ಒನಕೆಯಿಂದ ಬಡಿದುಹಾಕುವ ದೃಶ್ಯವನ್ನು ಜಯಂತಿಯವರು ಅಭಿನಯಿಸುತ್ತಿರಲು, ಅದೇ ಸಂಗತಿಯನ್ನು ಹಿನ್ನೆಲೆಯಲ್ಲಿ ಪಿ. ಬಿ. ಶ್ರೀನಿವಾಸರು ಹಾಡಿ ಹೇಳುವರು. ನೋಟ ಮತ್ತು ಹೇಳಿಕೆ ಒಂದರ ಮೇಲೊಂದು ಬಿದ್ದುವು. ಪುನರುಕ್ತಿಯೆಂದು ಯಾರೂ ಗೊಣಗಲಿಲ್ಲ. ಮುಖ್ಯಕಥೆಗೆ ನೇರವಾಗಿ ಬೇಕಿಲ್ಲದ ಈ ಭಾಗವು ನೋಡಿದವರ ಮನಸ್ಸಿನಲ್ಲಿ ಮುಖ್ಯಕಥೆಯಷ್ಟೇ ಗಾಢವಾಗಿ ನಿಂತಿತು. ಹಿಂದೆ ಹೇಳಿದ ಪುನರುಕ್ತಿವಾದಕ್ಕೆ ಇದಕ್ಕಿಂತ ಸಮರ್ಪಕವಾದ ಉತ್ತರ ಬೇಕಿಲ್ಲ. ಆದರೂ ಚಿ. ಉದಯಶಂಕರರ ಆ ಗೀತವನ್ನು ಲಾವಣಿಯೆನ್ನಲು ನಮಗೆ ಮನಸ್ಸು ಬಾರದು. ಅದು ಮೊದಲ ನುಡಿಯಲ್ಲೇ ಓಬವ್ವನನ್ನು ಹೊಗಳಿ ತೀರ್ಪು ಕೊಟ್ಟುಬಿಡುವುದು. ಲಾವಣಿಕಾರನು ತೀರ್ಪನ್ನು ಕೇಳುವವರಿಗೆ ಬಿಟ್ಟು ಸಂಗತಿಯಿಂದ ಸಂಗತಿಗೆ ನಡೆಯುವನು. ಇದು ಆ ಗೀತಕ್ಕೆ ದೋಷವಲ್ಲ. ನಾಡಿನ ಅಭಿಮಾನವನ್ನು ಎಬ್ಬಿಸುವುದು ಅದರ ಉದ್ದೇಶ. ಅದರಲ್ಲಿ ಅದು ಸಫಲವಾಗಿದೆ.

1996ರ 'ಜನುಮದ ಜೋಡಿ'ಯಲ್ಲಿ ಮಲೆಯ ಮಾದೇಶ್ವರನ ಪರಂಪರೆಗೆ ಸೇರಿದ ಒಂದು ಪದ ಬಂದು, ಎಲ್. ಎನ್. ಶಾಸ್ತ್ರಿಗಳ ಕಂಠದಿಂದ ನಾಡೆಲ್ಲ ಹಬ್ಬಿತು. ರಾತ್ರಿಗಟ್ಟಲೆ ಹಾಡುವ ಮಹಾಕಥನದಿಂದ ಒಂದು ತುಣುಕು ಕತ್ತರಿಸಿ ತಂದುದು ಅದು. ತುಣುಕು ಚೆನ್ನಾಗಿದೆ, ಆದರೆ ಯಾವ ಬಟ್ಟೆಯಿಂದ ಕತ್ತರಿಸಿದರೆಂಬುದನ್ನು ಚಿತ್ರವನ್ನು ಮಾತ್ರ ನೋಡಿದವರು ಅರಿಯರು. ಇದಕ್ಕಿಂತ ವಿಚಾರಾರ್ಹವಾದುದು ಚಂದ್ರಶೇಖರ ಕಂಬಾರರ ಉದಾಹರಣೆ. ಲಾವಣಿಯ ಸೀಮೆಯಲ್ಲಿ ಹುಟ್ಟಿಬೆಳೆದು, 1964ರಲ್ಲಿಯೇ 'ಹೇಳತೇನ ಕೇಳ' ಎಂದು ಹೆಸರಿನಲ್ಲೇ ಹಾಡುಗಾರನ ಕರೆಯನ್ನಿಟ್ಟು ಕಥನಕಾವ್ಯ ಬರೆದವರು ಅವರು. ತಾವೇ ನಿರ್ದೇಶಿಸಿದ 'ಕಾಡುಕುದುರೆ'ಯಲ್ಲಿ ಅವರ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರು ರಾಷ್ಟ್ರಪ್ರಶಸ್ತಿಯನ್ನು ಪಡೆದರು. ಆ ಹಾಡಿನಲ್ಲಿ ಓಟವಿದೆ, ಲಾವಣಿಯ ಏರು ಇದೆ, ಹೊರಗೆ ನಿಂತು ನೋಡುವವನ ಬೆರಗೂ ಇದೆ. ನಡೆದ ಸಂಗತಿಯನ್ನು ಹೇಳುವುದಕ್ಕಿಂತ ಸಂಕೇತವನ್ನು ಕಟ್ಟುವುದು ಅದಕ್ಕೆ ಇಷ್ಟವಾದರೂ, ಕಥಕನ ಕಂಠವೊಂದು ತೆರೆಯ ಮೇಲೆ ಹೇಗೆ ಕೇಳಿಸಬಹುದೆಂಬುದಕ್ಕೆ ಮಾದರಿಯಾಗಿ ಅದನ್ನು ಹೇಳಬಹುದು. ಆ ದಾರಿಯಲ್ಲಿ ಮುಂದೆ ನಡೆದವರು ಕಡಿಮೆ.

ದೂರದರ್ಶನದ ಮಾತು ಉಳಿಯಿತು. ಚಿತ್ರಮಂದಿರದವರು ಹೇಳುವ ಕಾಲದ ಕೊರತೆ ಇದಕ್ಕಿಲ್ಲ. ಭಗವಾನ್ ಗಿದ್ವಾನಿಯವರ ಕಾದಂಬರಿಯನ್ನು ಅನುಸರಿಸಿ ಸಂಜಯ್ ಖಾನರು ನಿರ್ಮಿಸಿದ ಟಿಪ್ಪೂ ಸುಲ್ತಾನನ ಧಾರಾವಾಹಿಯು 1990ರಿಂದ ಹಿಂದಿಯಲ್ಲಿ ಪ್ರಸಾರವಾಯಿತು. ಚಿತ್ರೀಕರಣದ ಒಂದು ಭಾಗ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ನಡೆಯಿತು, ಸಂಗೀತ ನೌಷಾದರದು. 1791ರ ಮಾರ್ಚಿಯಲ್ಲಿ ಕಾರ್ನವಾಲಿಸನ ಸೈನ್ಯವು ನುಗ್ಗಿದುದು ನಾವು ಮೊದಲು ಹೇಳಿದ ಈ ಪೇಟೆಗೇ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದುದಕ್ಕೆ ಮರುಗಿ, ಮೀರ್ ಸಾದಕನ ದ್ರೋಹವನ್ನು ಶಪಿಸಿ, ಹಳೆಯ ಮೈಸೂರು ಸೀಮೆಯ ಹಾಡುಗಾರರು ಕನ್ನಡದಲ್ಲಿ ಕಟ್ಟಿದ ಲಾವಣಿಗಳು ಜಾತ್ರೆ ಸಂತೆಗಳಲ್ಲಿ ಬಹುಕಾಲ ಕೇಳಿಬಂದುವು. ಟಿಪ್ಪೂವಿನ ವಿಷಯದಲ್ಲಿ ಇಂದು ವಿದ್ವಾಂಸರೂ ರಾಜಕಾರಣಿಗಳೂ ಎರಡು ಪಕ್ಷವಾಗಿ ವಾದಿಸುತ್ತಿರುವಾಗ, ಅವನ ಪ್ರಜೆಗಳ ಮಕ್ಕಳು ಮೊಮ್ಮಕ್ಕಳು ಏನನ್ನು ಹಾಡಿದರೆಂಬುದು ಅಲಕ್ಷ್ಯಮಾಡತಕ್ಕ ಪ್ರಮಾಣವಲ್ಲ. ಅದನ್ನು ಒಪ್ಪಬೇಕೆಂದು ನಾವು ಹೇಳುವುದಿಲ್ಲ. ಲಾವಣಿಕಾರನಿಗೂ ಪಕ್ಷಪಾತವಿರುವುದು, ಅವನು ಕೇಳುವವರಿಗೆ ತಕ್ಕಂತೆ ಹಾಡುವುದೂ ಉಂಟು. ಆದರೆ ಧಾರಾವಾಹಿಯನ್ನು ನೋಡಿದ ಕೋಟ್ಯಂತರ ಭಾರತೀಯರಿಗೆ ಇಂಥ ಕನ್ನಡ ಹಾಡುಗಳಿವೆಯೆಂಬ ಸುಳಿವನ್ನೂ ಅದು ಕೊಡಲಿಲ್ಲ.

ಆಮೇಲೆ ಬಂದ ಕನ್ನಡ ಧಾರಾವಾಹಿಗಳು ಶೀರ್ಷಿಕೆಯ ಗೀತವೆಂಬ ಹೊಸ ಅವಕಾಶವನ್ನು ಸೃಷ್ಟಿಸಿದುವು. ಒಳ್ಳೆಯ ಕವಿಗಳೂ ಒಳ್ಳೆಯ ಗಾಯಕರೂ ಅದರಲ್ಲಿ ತೊಡಗಿದರು. ಭಾವಗೀತದ ಸಂಪ್ರದಾಯಕ್ಕೆ ಅದರಿಂದ ಮನೆಮನೆಯಲ್ಲಿ ಆಸನ ದೊರೆಯಿತು. ಅಲ್ಲಿಯೂ ಕಥಕನನ್ನು ಕರೆಯಲಿಲ್ಲ. ದಿನಕ್ಕೆ ಅರ್ಧ ಗಂಟೆಯಂತೆ ವರ್ಷಗಟ್ಟಲೆ ನಡೆಯುವ ಕಥೆಗೆ, ಹಿಂದಿನದನ್ನು ನೆನಪಿಗೆ ತಂದು ಮುಂದಿನದಕ್ಕೆ ಕಿವಿಯನ್ನು ಸಿದ್ಧಪಡಿಸುವ ಹಾಡುಗಾರನಿಗಿಂತ ಉಪಯುಕ್ತನಾದವನು ಮತ್ತೊಬ್ಬನಿಲ್ಲ. ಆ ಕೆಲಸವನ್ನು ಈಗ ಮಾಡುತ್ತಿರುವುದು 'ಹಿಂದಿನ ಸಂಚಿಕೆಯಲ್ಲಿ' ಎಂಬ ಎರಡು ಮಾತುಗಳು.